ಎಡಗಡೆಯ ಹಿಂದಿನ ಕಿಸೆ

ಹದಿನಾರು ವರ್ಷ ಅವ್ವ ಹೊಲಿದದ್ದು ಒಂದೇ:
ಜೀನ್ಸ್ ಪ್ಯಾಂಟಿನ ಎಡಗಡೆಯ ಹಿಂದಿನ ಕಿಸೆ.
ಬಲಗಡೆಯದು ಪಕ್ಕದ ಮನೆಯ ಖಾಜಾಬಿಯದು,
ಜಿಪ್ಪು ಯಾರದೋ, ಗುಂಡಿ ಇನ್ಯಾರದೋ.
ಇಡೀ ಪ್ಯಾಂಟನ್ನು ಅವ್ವ ನೋಡುವುದು
ಬಸ್‌ಸ್ಟ್ಯಾಂಡಿನಲ್ಲಿ, ಕಂಡವರ ಮೈಮೇಲೆ.
ಮುಂದೆ ನಡೆವವನ ಹಿಂಬದಿಗೇ ಕಣ್ಣು ನೆಟ್ಟು
"ನಂದಲ್ಲ ಬಿಡು, ಹೊಲಿಗಿ ದೂರ ದೂರ ಬಿದ್ದಾವ" ಅನ್ನುತ್ತಾಳೆ,
ಜೋರಾಗಿಯೇ.
ನಾನು ಸೆರಗು ಜಗ್ಗುತ್ತೇನೆ.

ಮಾಗಿ ಬಂದಿತ್ತು.
ಬಳ್ಳಾರಿಗೆ ಮಾಗಿ ಬಂತೆಂದರೆ
ಕೋಟೆಗುಡ್ಡದ ಬಂಡೆ ಕಾಯಲು ಒಂದು ತಾಸು ತಡ,
ಬಾಟಲಿಯಲ್ಲಿ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆ,
ಸಂತೆಯಲ್ಲಿ ಹಸಿಗಡಲೆಯ ಕಟ್ಟು, ಮುಳ್ಳು ತೊಟ್ಟಿನ ಎಳೆ ಬದನೆ,
ಅಪ್ಪನಿಗೆ ತಟ್ಟನೆ ಸಜ್ಜೆ ರೊಟ್ಟಿಯ ನೆನಪು.

ಅಂದು ಕಾರ್ಖಾನೆಯಿಂದ ಕಟಿಂಗ್ ಬಂದಿರಲಿಲ್ಲ.
ಮಿಷನ್ನು ಗೋಡೆಗೆ ಮುಖ ಮಾಡಿ ಸುಮ್ಮನೆ ಕೂತಿತ್ತು.
ನೀರೊಲೆಗೆಂದು ತಂದ ಚಿಂದಿಯ ಚೀಲದಿಂದ
ಅಗಲದ ಎರಡು ತುಂಡು ಆರಿಸಿ ನಾನಂದೆ,
"ರೊಟ್ಟಿಬುಟ್ಟಿಗೊಂದು ಮುಚ್ಚಳ ಹೊಲಿಯೋಣ, ಕಲಿಸು."
ಅವ್ವ ಪೆಡಲಿನ ಮೇಲೆ ಕಾಲಿಟ್ಟಳು. ಕೈ ಏಳಲಿಲ್ಲ.
"ಎಲ್ಲಿಂದ ಸುರು ಮಾಡ್ಲೆವ್ವಾ?"
ಮಗಳನ್ನು ಅವ್ವಾ ಅನ್ನುವುದು ನಮ್ಮಲ್ಲಿ ಮಾಮೂಲು.
ಅಂದು ಮಾತ್ರ ನಿಜಕ್ಕೂ ತನ್ನ ಅವ್ವನನ್ನೇ ಕೇಳಿದಂತಿತ್ತು.

ಹಿಟ್ಟಿನ ಪರಾತವನ್ನೇ ಬಟ್ಟೆಯ ಮೇಲೆ ಬೋರಲಿಟ್ಟು
ಸೀಮೆಸುಣ್ಣದಿಂದ ಸುತ್ತು ಗೀಚಿದೆವು.
"ಪರಾತ ಕೊಡ್ರಲೇ, ಎಸರು ಕುದ್ದು ಇಂಗಾಕತ್ತೈತಿ!"
ಒಳಗಿನಿಂದ ಅಪ್ಪ.
ಹತ್ತಿ ಮಿಲ್ಲಿನಲ್ಲಿ ಅಂಡಿಗೆ ಹೊರುವ ಆ ಅಂಗೈ
ರೊಟ್ಟಿ ತಟ್ಟುವಾಗ ಮಾತ್ರ ಮೆತ್ತಗಾಗುತ್ತದೆ.
ಬಿಸಿ ನಾದದಿದ್ದರೆ ಸಜ್ಜೆ ಬಿರಿಯುತ್ತದೆ,
ಎಳ್ಳು ಒತ್ತಿ ಕೂರಿಸದಿದ್ದರೆ ಹಂಚಿಗೆ ಸುರಿಯುತ್ತದೆ,
ಇದೆಲ್ಲ ಅವನಿಗೆ ಗೊತ್ತು.
"ಅಂಚು ಒಡೆದ್ರ ನಡು ಮುಟ್ಟಬ್ಯಾಡ್ರಿ, ಅಂಚಿಂದನ ತಿದ್ಕೊಂಡು ಬರ್ರಿ."
"ಅದು ರೊಟ್ಟಿ, ಇದು ಅರಿವಿ. ಸುಮ್ನ ಬಡಿ ನೀನು."

ಅವ್ವನ ಕಾಲಿಗೆ ಗೊತ್ತಿದ್ದದ್ದು ನೇರ ದಾರಿ,
ಆಮೇಲೆ ಕೆಳಗಿನ ಚೂಪು, ಅಲ್ಲೊಂದು ತಿರುವು.
ಸುತ್ತಿನ ಗೆರೆಯ ಮೇಲೆ ಓಡುತ್ತ ಓಡುತ್ತ
ಸೂಜಿ ತನ್ನಷ್ಟಕ್ಕೇ ಮೂಲೆ ಮಾಡಿತು.
ಬಿಚ್ಚಿದಳು. ಮತ್ತೆ ಮೂಲೆ.
ಮೂರನೆಯ ಸಲ ಬಾಯಲ್ಲಿ ದಾರ ಕಚ್ಚಿ ನಕ್ಕುಬಿಟ್ಟಳು.
"ಹಂಗಾದ್ರ ಹಂಗ ಆಗ್ಲಿ."

ಮಾಡಿದ್ದು ಕಡೆಗೆ ಕಿಸೆಯನ್ನೇ,
ಎರಡು ಗೇಣು ಅಗಲದ್ದು.
ಒಂದು ಬದಿ ನನಗೆ ಬಿಟ್ಟಳು.
ನನ್ನ ಹೊಲಿಗೆ ಕೆಮ್ಮಿನಂತೆ ಹೋಯಿತು:
ತಡೆದು, ಎಗರಿ, ಒಂದೆಡೆ ನಾಲ್ಕು ಸಲ ಅಲ್ಲಲ್ಲೇ.
ಬಿಚ್ಚುತ್ತಾಳೆಂದು ಕಾದೆ. ದಾರ ಕತ್ತರಿಸಿ ಬಿಟ್ಟಳಷ್ಟೇ.

ಏಳು ರೊಟ್ಟಿ ಹಿಡಿಸಿದವು, ಬಿಸಿಬಿಸಿ.
ತಮ್ಮ ಯಂಕೋಬ ಗುರೆಳ್ಳು ಪುಡಿಯ ಬೆರಳು ನೆಕ್ಕುತ್ತ
"ಯಾವ ರಾಕ್ಷಸನ ಪ್ಯಾಂಟಿಂದಬೇ ಇದು?" ಅಂದ.
ಎಣ್ಣೆಗಾಯಿಗೆ ಉಪ್ಪು ತುಸು ಜಾಸ್ತಿಯಾಗಿತ್ತು, ಯಾರೂ ಹೇಳಲಿಲ್ಲ.
ಕಡೆಯ ರೊಟ್ಟಿಗೆ ಅವ್ವ
ಮೊಣಕೈವರೆಗೂ ಒಳಗೆ ಕೈಯಿಟ್ಟಳು,
ತೆಗೆಯಲು ಬಹಳ ಹೊತ್ತು ಹಿಡಿಯಿತು.
ಅಷ್ಟೊಂದು ಕಿಸೆ ಹೊಲಿದಿದ್ದಳು,
ಒಂದರಲ್ಲೂ ಕೈಯಿಟ್ಟು ಕೂತದ್ದು ನಾನು ಕಂಡಿರಲಿಲ್ಲ.

ಬೆಳಿಗ್ಗೆ ಖಾಜಾಬಿ ಬಾಗಿಲಿಗೆ ಬಂದಳು,
ಕಟಿಂಗ್ ಗಂಟು ಬಂದಿದೆಯೆಂದು ಹೇಳಲು.
ಗೂಟಕ್ಕೆ ತೂಗುಬಿಟ್ಟಿದ್ದನ್ನು ತಿರುಗಿಸಿ ನೋಡಿದಳು,
ನನ್ನ ಬದಿಯ ಮೇಲೆ ಉಗುರು ಓಡಿಸಿದಳು, ಏನೂ ಅನ್ನಲಿಲ್ಲ.
"ಹುಲಿಗೆಮ್ಮಾ, ಇದು ಎಡಗಡೆದು.
ಬಲಗಡೆದು ನಂದು. ಬಟ್ಟಿ ತೆಗಿ."